'ಆ ದೊಡ್ಡದು, ಮೂರು ಕೊಡಿ': ಜಪಾನಿ ಆಡುಮಾತಿನ ನಾಮಪದಗಳ ಸಂಸಾರ

ಟೋಕಿಯೋದ ಯಾವುದೋ ಬಡಾವಣೆಯ ತರಕಾರಿ ಅಂಗಡಿ. ಮುಂದೆ ಬುಟ್ಟಿಗಳಲ್ಲಿ ಸೇಬು ಜೋಡಿಸಿಟ್ಟಿದ್ದಾರೆ, ಒಂದರಲ್ಲಿ ಸಣ್ಣವು, ಇನ್ನೊಂದರಲ್ಲಿ ದಪ್ಪನೆಯವು. ಕೊಳ್ಳಲು ಬಂದ ಹೆಂಗಸು ಬೆರಳು ತೋರಿಸಿ ಹೇಳುತ್ತಾಳೆ: 'ಸೊನೊ ಓಕೀ ನೊ, ಮಿತ್ತ್ಸು ಕುದಸಾಯ್.' ನಮ್ಮ ಸಂತೆಯಲ್ಲಾದರೆ ಇದೇ ಮಾತು 'ಆ ದೊಡ್ಡದು, ಮೂರು ಕೊಡಿ' ಎಂದಾಗುತ್ತದೆ. ಸೊನೊ ಅಂದರೆ 'ಆ'. ಓಕೀ ಅಂದರೆ 'ದೊಡ್ಡ'. ನೊ ಅಂದರೆ 'ದೊಡ್ಡದು' ಎಂಬುದರ ಕೊನೆಯಲ್ಲಿರುವ 'ದು'. ಮಿತ್ತ್ಸು ಮೂರು, ಕುದಸಾಯ್ ಕೊಡಿ. ಒಂದು ಪದವನ್ನೂ ಹಿಂದೆ ಮುಂದೆ ಮಾಡಬೇಕಾಗಿಲ್ಲ. ಸೇಬು ಎಂಬ ಹೆಸರನ್ನೇ ಎತ್ತದೆ ಸೇಬು ಕೇಳಿದ್ದೂ ಎರಡು ಭಾಷೆಗಳಲ್ಲಿ ಒಂದೇ ರೀತಿ.

ಬೆಂಗಳೂರಿನಲ್ಲಿ ಜಪಾನಿ ಕಲಿಯುವವರಿಗೆ ಈ ಸಂಗತಿ ತಿಳಿಯುವುದು ಬಹಳ ತಡವಾಗಿ. ಅವರ ಕೈಗೆ ಸಿಗುವ ಪಠ್ಯಗಳ ವ್ಯಾಕರಣ ವಿವರಣೆ ಇಂಗ್ಲಿಷಿನಲ್ಲಿರುತ್ತದೆ. ಜಪಾನಿಯಲ್ಲಿ ಎಲ್ಲವೂ ತಲೆಕೆಳಗು ಎಂದು ಆ ವಿವರಣೆ ಹೇಳಿಕೊಡುತ್ತದೆ. ಇಂಗ್ಲಿಷಿನ ಕಡೆಯಿಂದ ನೋಡಿದರೆ ಅದು ನಿಜವೇ. ಕನ್ನಡದ ಕಡೆಯಿಂದ ನೋಡಿದರೆ ಎಲ್ಲವೂ ನೆಟ್ಟಗೇ ಇದೆ.

ನಾಮಪದ ಒಂಟಿಯಾಗಿ ಬರುವುದು ಕಡಿಮೆ. ಯಾವ ಮನೆ, ಎಂಥ ಮನೆ, ಯಾರ ಮನೆ, ಎಷ್ಟು ಮನೆ ಎಂದು ಹೇಳುವ ಪದಗಳು ಅದರ ಸುತ್ತ ಸೇರಿ ಒಂದು ಗುಚ್ಛವಾಗುತ್ತವೆ. ಜಪಾನಿಯಲ್ಲಿ ಎಣಿಕೆಯ ಪದವೊಂದನ್ನು ಬಿಟ್ಟರೆ ಈ ವಿವರಣೆಯ ಪದಗಳೆಲ್ಲ ನಾಮಪದದ ಮುಂಚೆಯೇ ಬರಬೇಕು. ಅವುಗಳನ್ನು ಬೆಸೆಯುವ ರೀತಿ ಮೂರು. 'ಓಕೀ ಇಎ' ಅಂದರೆ ದೊಡ್ಡ ಮನೆ, ಇಲ್ಲಿ ನಡುವೆ ಯಾವ ಅಂಟೂ ಬೇಡ. 'ಶಿಜುಕ ನ ಇಎ' ಅಂದರೆ ಶಾಂತವಾದ ಮನೆ, ಇಲ್ಲಿ 'ನ' ಬೇಕು. 'ಕಿ ನೊ ಇಎ' ಅಂದರೆ ಮರದ ಮನೆ, ಇಲ್ಲಿ 'ನೊ'. ಕನ್ನಡದಲ್ಲೂ ಮೂರೇ ದಾರಿ: ದೊಡ್ಡ ಮನೆಗೆ ಏನೂ ಬೇಡ, ಶಾಂತಕ್ಕೆ 'ಆದ' ಬೇಕು, ಮರಕ್ಕೆ ಷಷ್ಠಿಯ 'ದ' ಬೇಕು. ಯಾವ ಪದಕ್ಕೆ ಯಾವ ಅಂಟು ಎಂದು ಜಪಾನಿ ಕಲಿಯುವವರು ಪಟ್ಟಿ ಉರು ಹೊಡೆಯುತ್ತಾರೆ. ಅಂಥದೇ ಪಟ್ಟಿ ಕನ್ನಡಿಗರ ನಾಲಿಗೆಯಲ್ಲಿ ಹುಟ್ಟಿನಿಂದ ಇದೆ. ಯಾರೂ ಅದನ್ನು ಅವರ ಗಮನಕ್ಕೆ ತಂದಿಲ್ಲ, ಅಷ್ಟೆ.

ಇಡೀ ವಾಕ್ಯವೇ ವಿಶೇಷಣವಾಗುವಾಗಲೂ ಇದೇ ಕ್ರಮ. 'ಕಿನೋ ಎಕಿ ನೊ ಮಎ ದೆ ಅತ್ತ ಹಿತೊ' ಎಂಬುದನ್ನು ಪದಕ್ಕೆ ಪದ ಇಟ್ಟರೆ 'ನಿನ್ನೆ ಸ್ಟೇಷನ್ನಿನ ಮುಂದೆ ಸಿಕ್ಕ ವ್ಯಕ್ತಿ' ಎಂದಾಗುತ್ತದೆ. ಸಂಬಂಧ ತೋರಿಸುವ 'ಯಾರು', 'ಯಾವುದು' ಎಂಬ ಪದ ಇಲ್ಲಿ ಬೇಕಿಲ್ಲ. ಕ್ರಿಯಾಪದ ನೇರವಾಗಿ ನಾಮಪದದ ಪಕ್ಕ ಬಂದು ಕೂರುತ್ತದೆ. ಒಂದು ವಿಷಯ ಮಾತ್ರ ನೆನಪಿಡಬೇಕು. ಎದುರಿಗಿರುವವರು ಎಷ್ಟೇ ದೊಡ್ಡವರಾಗಿರಲಿ, ಈ ಗುಚ್ಛದ ಒಳಗಿನ ಕ್ರಿಯಾಪದ ಸಾಮಾನ್ಯವಾಗಿ ಸಾದಾ ರೂಪದಲ್ಲೇ ಇರುತ್ತದೆ. ಅವರ ಮೇಲಿನ ಗೌರವವೆಲ್ಲ ವಾಕ್ಯದ ಕೊನೆಯ ಕ್ರಿಯಾಪದದಲ್ಲಿ ಕಾಣುತ್ತದೆ.

ಈ ಹೋಲಿಕೆ ಭಾಷಾವಿಜ್ಞಾನಿಗಳ ಕಣ್ಣಿಗೆ ಬೀಳದೆ ಇಲ್ಲ. ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್ ಲೋಕದ ಭಾಷೆಗಳ ಪದಕ್ರಮದ ಬಗ್ಗೆ 1963ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧಕ್ಕೆ ಆಧಾರವಾಗಿದ್ದದ್ದು 30 ಭಾಷೆಗಳು. ಅವುಗಳಲ್ಲಿ ಜಪಾನಿಯೂ ಇತ್ತು, ಕನ್ನಡವೂ ಇತ್ತು. ಕ್ರಿಯಾಪದವನ್ನು ಕೊನೆಗಿಡುವ ಭಾಷೆಗಳು ವಿಭಕ್ತಿಯಂಥ ಗುರುತನ್ನು ನಾಮಪದದ ಹಿಂದೆ ಹಚ್ಚುತ್ತವೆ, 'ಯಾರ' ಎಂಬುದನ್ನು 'ಏನು' ಎಂಬುದಕ್ಕಿಂತ ಮೊದಲು ಹೇಳುತ್ತವೆ ಎಂಬ ಒಲವು ಅಲ್ಲಿ ಎದ್ದು ಕಂಡಿತು. 'ತೊಮೊದಚಿ ನೊ ಒತೋಸಾನ್ ನೊ ಕೈಶ ನೊ ಕುರುಮ' ಎಂದರೆ ಗೆಳೆಯನ ಅಪ್ಪನ ಕಂಪನಿಯ ಕಾರು. ಎಷ್ಟು 'ನೊ' ಬೇಕಾದರೂ ಪೋಣಿಸುತ್ತ ಹೋಗಬಹುದು, ಎಳೆ ತಪ್ಪುವುದಿಲ್ಲ.

ಈ 'ನೊ' ಎಂಬ ಒಂದಕ್ಷರದ ಪ್ರತ್ಯಯದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಆಡುಮಾತಿನ ಅರ್ಧ ಸೊಗಸು ಇಲ್ಲೇ ಇದೆ.

'ವತಶಿ ನೊ ಹೊನ್' ನನ್ನ ಪುಸ್ತಕ. ಪುಸ್ತಕವನ್ನು ಬಿಟ್ಟು ಬರೀ 'ವತಶಿ ನೊ' ಎಂದರೆ ನನ್ನದು. 'ಓಕೀ ನೊ' ದೊಡ್ಡದು. 'ಕಿನೋ ಕತ್ತ ನೊ' ನಿನ್ನೆ ಕೊಂಡದ್ದು. 'ತಬೆರು ನೊ ಗ ಸುಕಿ' ಎಂದರೆ ತಿನ್ನೋದು ಇಷ್ಟ. ಹೀಗೆ ಷಷ್ಠಿಯ ಸರ್ವನಾಮ, ಗುಣವಾಚಕದಿಂದ ಆದ ನಾಮಪದ, ಕ್ರಿಯೆಯಿಂದ ಆದ ನಾಮಪದ ಮೂರನ್ನೂ ಜಪಾನಿ ಒಂದೇ 'ನೊ'ದಿಂದ ಮಾಡಿಕೊಳ್ಳುತ್ತದೆ, ಕನ್ನಡ ಒಂದೇ 'ದು'ವಿನಿಂದ ಮಾಡಿಕೊಳ್ಳುತ್ತದೆ. 'ವತಶಿ ಗ ಕತ್ತ ನೊ ವ ಕೊನೊ ಹೊನ್' ಎಂಬುದು 'ನಾನು ಕೊಂಡದ್ದು ಈ ಪುಸ್ತಕ' ಎಂಬ ವಾಕ್ಯದ ಪಡಿಯಚ್ಚು.

ಪ್ರಶ್ನೆ ಕೇಳುವಾಗ ಹೋಲಿಕೆ ಇನ್ನೂ ಹತ್ತಿರವಾಗುತ್ತದೆ. ಜಪಾನಿನ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು 'ನಾನಿ ಶಿತೆರು ನೊ?' ನಮ್ಮ ಮನೆಗಳಲ್ಲಿ ಅದು 'ಏನ್ ಮಾಡ್ತಿರೋದು?' 'ಇತ್ಸು ಕಿತ ನೊ?' ಎಂದರೆ 'ಯಾವಾಗ ಬಂದಿದ್ದು?' ವಾಕ್ಯವನ್ನು ನಾಮಪದವಾಗಿ ಮುಗಿಸಿ ಪ್ರಶ್ನೆಗೆ ಸಲುಗೆಯ ಧಾಟಿ ಕೊಡುವ ಈ ಉಪಾಯವನ್ನು ಇಂಗ್ಲಿಷಿನ ಮೂಲಕ ವಿವರಿಸಲು ಪಠ್ಯಗಳು ಪುಟಗಟ್ಟಲೆ ಬರೆಯುತ್ತವೆ. ಕನ್ನಡಿಗರಿಗೆ ಮೇಲಿನ ಎರಡು ಉದಾಹರಣೆ ಸಾಕು.

ಊರು ಬದಲಾದರೆ 'ನೊ' ಕೂಡ ಬದಲಾಗುತ್ತದೆ. ತೊಯಾಮ ಮತ್ತು ಕೋಚಿಯ ಕಡೆ 'ಓಕೀ ನೊ' ಬದಲು 'ಗ' ಹಚ್ಚುತ್ತಾರೆ. ದಕ್ಷಿಣದ ಕ್ಯೂಶು ದ್ವೀಪದಲ್ಲಿ ಅದರ ಜಾಗಕ್ಕೆ 'ತೊ' ಬರುತ್ತದೆ. ಫುಕುಓಕದವರು ತಮ್ಮ ಭಾಷೆಯ ಬಗ್ಗೆ ತಾವೇ ಹೇಳಿ ನಗುವ ಒಂದು ಮಾತಿದೆ. ಖಾಲಿ ಕುರ್ಚಿ ತೋರಿಸಿ ಒಬ್ಬರು 'ಕೊಕೊ, ತೊತ್ತೊತೊ?' ಎನ್ನುತ್ತಾರೆ. ಇನ್ನೊಬ್ಬರು 'ತೊತ್ತೊತೊ' ಎಂದು ಉತ್ತರಿಸುತ್ತಾರೆ. ಹೊರಗಿನವರಿಗೆ ಕೋಳಿ ಕೂಗಿದಂತೆ ಕೇಳಿಸುವ ಈ ಸಂಭಾಷಣೆ 'ಇದು ಹಿಡಿದಿಟ್ಟಿರೋದಾ?' 'ಹೂಂ, ಹಿಡಿದಿಟ್ಟಿರೋದು' ಎಂಬಷ್ಟೇ. ಕೊನೆಯ 'ತೊ' ನಮ್ಮ 'ದು'.

'ನೊ' ಸುಲಭ ಎಂದು ಮೈಮರೆಯುವ ಹಾಗೂ ಇಲ್ಲ. 'ದೊಡ್ಡ ಮನೆ' ಎನ್ನಲು 'ಓಕೀ ನೊ ಇಎ' ಎಂದರೆ ತಪ್ಪು. ಹೊಸದಾಗಿ ಕಲಿಯುವ ವಿದೇಶಿಯರು ಈ ತಪ್ಪು ಮಾಡುತ್ತಾರೆ, ಜಪಾನಿನ ಪುಟ್ಟ ಮಕ್ಕಳೂ ಮಾಡುತ್ತಾರೆ. ಎರಡು ಮೂರು ವರ್ಷದ ಮಗು ಕೆಂಪು ಆಟದ ಕಾರು ತೋರಿಸಿ 'ಅಕಾಯ್ ನೊ ಬೂಬೂ' ಎನ್ನುವುದನ್ನು ಮಕ್ಕಳ ಮಾತು ಅಭ್ಯಸಿಸುವವರು ಚೆನ್ನಾಗಿ ದಾಖಲಿಸಿದ್ದಾರೆ. ಇನ್ನೊಂದು ಗುಂಡಿ ಕನ್ನಡಿಗರಿಗಾಗಿಯೇ ತೋಡಿಟ್ಟಂತಿದೆ. 'ಬೆಂಗೊಶಿ ನೊ ಸುಜುಕಿ-ಸಾನ್' ಎಂದರೆ ವಕೀಲರ ಕಡೆಯ ಸುಜುಕಿ ಎಂದು ನಮ್ಮ ಕಿವಿಗೆ ಕೇಳಿಸುತ್ತದೆ. ನಿಜವಾದ ಅರ್ಥ ವಕೀಲರಾದ ಸುಜುಕಿ, ಅವರೇ ವಕೀಲರು. 'ಇಶ ನೊ ಒಜಿಸಾನ್' ಡಾಕ್ಟರ ಚಿಕ್ಕಪ್ಪನೂ ಆಗಬಹುದು, ಡಾಕ್ಟರ್ ಆಗಿರುವ ಚಿಕ್ಕಪ್ಪನೂ ಆಗಬಹುದು, ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಇದಲ್ಲದೆ ಕನ್ನಡದಲ್ಲಿ ದೊಡ್ಡವನು, ದೊಡ್ಡವಳು, ದೊಡ್ಡದು ಎಂಬ ಭೇದವಿದೆ. ಜಪಾನಿಯಲ್ಲಿ ಲಿಂಗಭೇದವೇ ಇಲ್ಲ, ಆದರೆ ಮನುಷ್ಯರನ್ನು 'ಓಕೀ ನೊ' ಎಂದರೆ ಒರಟಾಗುತ್ತದೆ. ಅಲ್ಲಿ 'ನೊ' ಬಿಟ್ಟು 'ಹಿತೊ', ವ್ಯಕ್ತಿ, ಎಂದೇ ಹೇಳಬೇಕು.

ನಾಲಿಗೆ ಓಡುವ ವೇಗದಲ್ಲಿ ಈ 'ನೊ' ಎಷ್ಟೋ ಸಲ ಬರೀ 'ನ್' ಆಗಿ ಉಳಿಯುತ್ತದೆ. 'ಬೊಕು ನೊ ಉಚಿ', ನಮ್ಮ ಮನೆ, ಮಾತಿನಲ್ಲಿ 'ಬೊಕುನ್‌ಚಿ'. ನಾವು 'ನಮ್ಮನೆ' ಎಂದು ಒಂದು 'ಮ'ವನ್ನು ನುಂಗುವಂತೆ ಅವರು ಒಂದು 'ಉ'ವನ್ನು ನುಂಗುತ್ತಾರೆ.

ಆಡುಮಾತಿನ ಇನ್ನೊಂದು ಮುಖ್ಯ ಕೊಂಡಿ 'ತ್ತೆ ಯೂ'. ಬರವಣಿಗೆಯಲ್ಲಿ 'ತೊ ಇಉ', ಅಂದರೆ 'ಎನ್ನುವ'. ಮಾತಿನಲ್ಲಿ ಅದು 'ತ್ತೆ ಯೂ' ಆಗುತ್ತದೆ, ನಮ್ಮ 'ಎನ್ನುವ' ಹೇಗೆ 'ಅನ್ನೋ' ಆಗುತ್ತದೋ ಹಾಗೆ. 'ಸುಜುಕಿ ತ್ತೆ ಯೂ ಹಿತೊ' ಸುಜುಕಿ ಅನ್ನೋ ವ್ಯಕ್ತಿ. 'ಯಮೆತ ತ್ತೆ ಯೂ ಉವಸ' ಕೆಲಸ ಬಿಟ್ಟ ಅನ್ನೋ ಗಾಳಿಸುದ್ದಿ. ವ್ಯಕ್ತಿಯ ಹೆಸರಿಗೂ ಪೂರ್ತಿ ವಾಕ್ಯಕ್ಕೂ ಒಂದೇ ಕೊಂಡಿ. ಎರಡೂ ಭಾಷೆಗಳಲ್ಲಿ ಅದು 'ಅನ್ನು' ಎಂಬ ಕ್ರಿಯಾಪದದಿಂದಲೇ ಬಂದಿದೆ.

ಕೆಲವು ಗುಚ್ಛಗಳಲ್ಲಿ ಕ್ರಿಯಾಪದಕ್ಕೂ ನಾಮಪದಕ್ಕೂ ನೇರ ಸಂಬಂಧವೇ ಕಾಣುವುದಿಲ್ಲ. 'ಸಕನ ಒ ಯಕು ನಿಒಇ', ಮೀನು ಸುಡೋ ವಾಸನೆ. ವಾಸನೆ ಮೀನನ್ನು ಸುಡುವುದಿಲ್ಲ, ವಾಸನೆಯನ್ನು ಯಾರೂ ಸುಡುವುದಿಲ್ಲ. 'ಅತಮ ಗ ಯೊಕು ನರು ಹೊನ್', ತಲೆ ಚುರುಕಾಗೋ ಪುಸ್ತಕ. ಚುರುಕಾಗುವುದು ಓದಿದವರ ತಲೆ. ಭಾಷಾವಿಜ್ಞಾನಿ ಯೋಶಿಕೊ ಮತ್ಸುಮೊತೊ 1997ರಲ್ಲಿ ಇಂಥ ರಚನೆಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇವುಗಳ ಅರ್ಥವನ್ನು ವಾಕ್ಯರಚನೆಯ ನಿಯಮಗಳಷ್ಟೇ ಕೊಡಲಾರವು, ಮೀನು ಸುಟ್ಟರೆ ವಾಸನೆ ಬರುತ್ತದೆ ಎಂಬ ಕೇಳುಗನ ಲೋಕಜ್ಞಾನವೂ ಸೇರಬೇಕು ಎಂಬುದು ಅವರ ವಾದ. ನಮ್ಮ ಮೆಡಿಕಲ್ ಅಂಗಡಿಯಲ್ಲಿ 'ನಿದ್ದೆ ಬರೋ ಮಾತ್ರೆ' ಕೇಳುವವರನ್ನು ನೋಡಿದರೆ ಈ ವಾದ ಒಪ್ಪಿಗೆಯಾಗುತ್ತದೆ. ನಿದ್ದೆ ಬರುವುದು ಮಾತ್ರೆಗಲ್ಲ ಎಂದು ಅಂಗಡಿಯವನಿಗೆ ಯಾರೂ ತಿಳಿಸಬೇಕಾಗಿಲ್ಲ.

ಪಠ್ಯದ ಜಪಾನಿಗೂ ಬೀದಿಯ ಜಪಾನಿಗೂ ಇರುವ ದೊಡ್ಡ ವ್ಯತ್ಯಾಸ ವಿಭಕ್ತಿಯದು. ಪುಸ್ತಕದಲ್ಲಿ 'ಕೋಹೀ ಒ ನೊಮಿಮಸು ಕ?' ಎಂದಿರುತ್ತದೆ. ಗೆಳೆಯರ ನಡುವೆ ಅದು 'ಕೋಹೀ ನೊಮು?' 'ಒ' ಎಂಬ ದ್ವಿತೀಯಾ ಗುರುತು ಮಾಯ. ಕನ್ನಡದಲ್ಲಿ 'ಕಾಫಿಯನ್ನು ಕುಡಿಯುತ್ತೀಯಾ?' ಎಂದು ಕೇಳುವವರು ನಾಟಕದಲ್ಲಿ ಸಿಕ್ಕಾರು, ಅಡುಗೆಮನೆಯಲ್ಲಿ 'ಕಾಫಿ ಕುಡೀತೀಯಾ?' ಮಾತ್ರ. ಆದರೆ ಎಲ್ಲ ಕಡೆಯೂ ಹೀಗೆ ಬಿಡಲು ಬರುವುದಿಲ್ಲ. 'ಪುಸ್ತಕ ನೋಡಿದೆ' ಎನ್ನುವ ನಾವು 'ಹುಡುಗಿ ನೋಡಿದೆ' ಎನ್ನುವುದಿಲ್ಲ, 'ಹುಡುಗೀನ ನೋಡಿದೆ' ಎನ್ನುತ್ತೇವೆ. ಜೀವವಿರುವ ವಸ್ತುವಾದರೆ ಮಾಡಿದವರು ಯಾರು, ಮಾಡಿಸಿಕೊಂಡವರು ಯಾರು ಎಂಬ ಗೊಂದಲ ಬರಬಹುದು. ಕಾಫಿಯ ವಿಷಯದಲ್ಲಿ ಆ ಭಯವಿಲ್ಲ. ಚಿಗುಸ ಕುರುಮದ ಮತ್ತು ಫ್ಲೋರಿಯನ್ ಯೇಗರ್ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜಪಾನಿ ಮಾತುಗಾರರೂ ಹೀಗೆಯೇ ನಡೆದುಕೊಂಡರು: ಕರ್ಮದ ಜಾಗದಲ್ಲಿ ಮನುಷ್ಯರಿದ್ದಾಗ 'ಒ' ಹಚ್ಚುವುದು ಹೆಚ್ಚಾಯಿತು. ಜಪಾನಿಯಲ್ಲಿ ಇದು ಒಲವು, ಕನ್ನಡದಲ್ಲಿ ಹೆಚ್ಚುಕಡಿಮೆ ನಿಯಮ.

ಇಷ್ಟು ಹೊತ್ತು ದಾರಿ ಸಲೀಸಾಗಿತ್ತು. 'ಈ', 'ಆ' ಎಂಬಲ್ಲಿಗೆ ಬಂದರೆ ಕಾಲು ತೊಡರುತ್ತದೆ. ಕನ್ನಡಕ್ಕೆ ಎರಡು ಸಾಕು, ಜಪಾನಿಗೆ ಮೂರು ಬೇಕು. ಮಾತಾಡುವವನ ಹತ್ತಿರದ್ದು 'ಕೊನೊ', ಕೇಳುವವನ ಹತ್ತಿರದ್ದು 'ಸೊನೊ', ಇಬ್ಬರಿಗೂ ದೂರದ್ದು 'ಅನೊ'. ಪ್ರಶ್ನೆಗೆ 'ದೊನೊ', ಯಾವ. ಅಂಗಡಿಯಲ್ಲಿ ಸೇಬು ಮಾರುವವನ ಕಡೆ ಇದ್ದದ್ದರಿಂದ ಆ ಹೆಂಗಸು 'ಸೊನೊ' ಎಂದಳು. ಹಳಗನ್ನಡಿಗರಿಗೆ ಇದು ಸುಲಭವಾಗಿ ಹಿಡಿಸುತ್ತಿತ್ತೇನೋ. ಆಗ ಇವಂ, ಅವಂ ನಡುವೆ 'ಉವಂ' ಎಂಬ ಮೂರನೆಯದೂ ಇತ್ತು.

ಕಣ್ಣೆದುರಿಗಿಲ್ಲದ ವಸ್ತುವಿನ ಮಾತು ಬಂದಾಗ ಲೆಕ್ಕ ಇನ್ನೂ ಸೂಕ್ಷ್ಮ. ಗೆಳತಿ ಶಿಬುಯದ ಹೊಸ ಹೋಟೆಲಿಗೆ ಹೋಗಿ ಬಂದ ಕತೆ ಹೇಳುತ್ತಾಳೆ. ಕೇಳುವವಳಿಗೆ ಆ ಹೋಟೆಲು ಗೊತ್ತಿಲ್ಲದಿದ್ದರೆ 'ಸೊನೊ ಮಿಸೆ, ದೊಕೊ?' ಎನ್ನಬೇಕು. ತಾನೂ ಹೋಗಿದ್ದರೆ 'ಆ, ಅನೊ ಮಿಸೆ ನೆ' ಎನ್ನಬೇಕು. ಇಬ್ಬರಿಗೂ ತಿಳಿದದ್ದು 'ಅನೊ', ಒಬ್ಬರಿಗೆ ಮಾತ್ರ ತಿಳಿದದ್ದು 'ಸೊನೊ'. ಕನ್ನಡದಲ್ಲಿ ಎರಡಕ್ಕೂ 'ಆ ಹೋಟ್ಲು'. ವರ್ಷಗಟ್ಟಲೆ ಜಪಾನಿನಲ್ಲಿದ್ದವರೂ ಎಡವುವ ಜಾಗ ಇದು. ಹೆಸರು ನೆನಪಿಗೆ ಬಾರದಿದ್ದಾಗ ಬರುವ 'ಅರೆ', ಅಂದರೆ 'ಅದು', ಇದೇ ಲೆಕ್ಕದ್ದು. ವಯಸ್ಸಾದ ಗಂಡ 'ಅರೆ, ಅರೆ ತೊತ್ತೆ' ಎಂದರೆ ಹೆಂಡತಿ ಕನ್ನಡಕವನ್ನೋ ರಿಮೋಟನ್ನೋ ತಂದು ಕೊಡುತ್ತಾಳೆ. 'ಅದೇ, ಅದು ಕೊಡೇ' ಎಂಬ ಮಾತು ನಡೆಯುವ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಅವನು, ಅವಳು ಎನ್ನಲು ಕನ್ನಡ ಈ 'ಆ'ವನ್ನೇ ಬಳಸಿಕೊಳ್ಳುತ್ತದೆ. ಹೀಗೆ ತೋರುಪದದಿಂದ ಪ್ರಥಮಪುರುಷ ಸರ್ವನಾಮ ಕಟ್ಟಿಕೊಳ್ಳುವ ಭಾಷೆಗಳು ಬೇರೆಯದೇ ಗುಂಪು ಎಂಬ ವಿಚಾರವನ್ನು ನಮ್ಮ ಡಿ.ಎನ್. ಶಂಕರ ಭಟ್ಟರು ಸರ್ವನಾಮಗಳ ಬಗ್ಗೆ 2004ರಲ್ಲಿ ಬಂದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಜಪಾನಿಯ 'ಕರೆ' ಕೂಡ ಹಿಂದೊಮ್ಮೆ ದೂರದ ವಸ್ತುವನ್ನು ತೋರಿಸುವ ಪದವಾಗಿತ್ತು. ಯುರೋಪಿನ ಪುಸ್ತಕಗಳ ಅನುವಾದದ ಕಾಲದಲ್ಲಿ ಅದು 'ಅವನು' ಎಂದು ನೆಲೆಯಾಯಿತು, 'ಅವಳು' ಎನ್ನಲು 'ಕನೊಜೊ' ಬಂತು. ಈಗಿನ ಮಾತಿನಲ್ಲಿ ಎರಡಕ್ಕೂ ಪ್ರಿಯಕರ, ಪ್ರೇಯಸಿ ಎಂಬ ಅರ್ಥವೂ ಅಂಟಿದೆ. ಹಾಗಾಗಿ ಪಕ್ಕದ ಮನೆಯವರ ಬಗ್ಗೆ ಮಾತಾಡುವಾಗ 'ಅನೊ ಹಿತೊ', ಆ ವ್ಯಕ್ತಿ, ಎನ್ನುವುದೇ ಕ್ಷೇಮ.

ಎಣಿಕೆಯಲ್ಲಿ ಕನ್ನಡಿಗರಿಗೆ ಅರ್ಧ ಮಾತ್ರ ಆಸರೆ. 'ಎರಡು ಪುಸ್ತಕ ಕೊಡಿ' ಎನ್ನುವಾಗ ನಾವು 'ಗಳು' ಹಚ್ಚುವುದಿಲ್ಲ, ಜಪಾನಿಗೂ ಬಹುವಚನದ ಹಂಗಿಲ್ಲ. ಜನರನ್ನು ಎಣಿಸುವಾಗ ಅವರು ಹಿತೊರಿ, ಫುತರಿ ಎಂಬ ಅಚ್ಚ ಜಪಾನಿ ರೂಪಗಳಲ್ಲಿ ಶುರುಮಾಡಿ ಮೂರಕ್ಕೆ ಬರುತ್ತಲೇ 'ಸನ್‌ನಿನ್', ಅಂದರೆ ಮೂರು ಜನ, ಎಂದು ದಾರಿ ಬದಲಿಸುತ್ತಾರೆ. ನಮ್ಮ ಆಡುಮಾತೂ ಒಬ್ಬರು, ಇಬ್ಬರು ಆದ ಮೇಲೆ ಮೂರು ಜನ, ನಾಲ್ಕು ಜನ ಎಂದೇ ಹೊರಳುತ್ತದೆ. ಮೂವರು, ನಾಲ್ವರು ಉಳಿದಿರುವುದು ಪತ್ರಿಕೆಗಳಲ್ಲಿ.

ಆಸರೆ ಅಲ್ಲಿಗೆ ಮುಗಿಯಿತು. ಜಪಾನಿಯಲ್ಲಿ ವಸ್ತುವಿನ ಆಕಾರ, ಜಾತಿ ನೋಡಿ ಸಂಖ್ಯೆಗೆ ಬಾಲ ಹಚ್ಚಬೇಕು. ಕಾಗದ, ತಟ್ಟೆ, ಅಂಗಿಯಂಥ ಚಪ್ಪಟೆ ವಸ್ತುಗಳಿಗೆ 'ಮಾಯ್'. ಪುಸ್ತಕಕ್ಕೆ 'ಸತ್ಸು'. ಕಾರು, ಯಂತ್ರಗಳಿಗೆ 'ದಾಯ್'. ನಾಯಿ, ಬೆಕ್ಕು, ಮೀನಿಗೆ 'ಹಿಕಿ'. ಕುದುರೆ, ಆನೆಗೆ 'ತೋ'. ಹಕ್ಕಿಗೆ 'ವ'. ಮೊಲವನ್ನೂ ಹಿಂದಿನಿಂದ 'ವ' ಎಂದೇ ಎಣಿಸುತ್ತ ಬಂದಿದ್ದಾರೆ. ಪೆನ್ಸಿಲ್, ಬಾಟಲಿ, ಕೊಡೆ, ಮರದಂಥ ಉದ್ದನೆಯವಕ್ಕೆ 'ಹೊನ್'. ಅದೂ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ: ಒಂದು ಇಪ್ಪೊನ್, ಎರಡು ನಿಹೊನ್, ಮೂರು ಸಂಬೊನ್. ಫೋನ್ ಕರೆ, ಸಿನಿಮಾ, ಬೇಸ್‌ಬಾಲಿನ ಹೋಮ್ ರನ್ ಕೂಡ 'ಹೊನ್' ಲೆಕ್ಕದಲ್ಲೇ. ಫೋನ್ ಕರೆ ಹೇಗೆ ಉದ್ದವಾಯಿತು ಎಂಬುದನ್ನು ಜಾರ್ಜ್ ಲೇಕಾಫ್ ಎಂಬ ವಿದ್ವಾಂಸ 1987ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಚರ್ಚೆಗೆತ್ತಿಕೊಂಡಿದ್ದರು, ತಂತಿ ಉದ್ದವಲ್ಲವೇ ಎಂಬ ಜಾಡಿನಲ್ಲಿ. ಒಲಿಂಪಿಕ್ಸಿನ ಜೂಡೋ ನೋಡಿದವರ ಕಿವಿಗೆ ಬಿದ್ದಿರುವ 'ಇಪ್ಪೊನ್' ಕೂಡ ಇದೇ ಎಣಿಕೆಯ ಪದ.

ಈ ಬಾಲಗಳನ್ನೆಲ್ಲ ನೆನಪಿಡುವುದು ಜಪಾನಿನವರಿಗೂ ಕಷ್ಟ. ಹಾಗಾಗಿ ಹೋಟೆಲಿನಲ್ಲಿ, ಅಂಗಡಿಯಲ್ಲಿ ಹಿತೊತ್ಸು, ಫುತತ್ಸು, ಮಿತ್ತ್ಸು ಎಂಬ ಸಾಮಾನ್ಯ ಎಣಿಕೆಯಿಂದ ಕೆಲಸ ಸಾಗಿಸುತ್ತಾರೆ. ಚಿಕ್ಕ ವಸ್ತುಗಳಿಗಿದ್ದ 'ಕೊ' ಈಗಿನ ಯುವಕರ ಬಾಯಲ್ಲಿ ಎಲ್ಲೆಲ್ಲೂ ಹಬ್ಬಿದೆ. ಒಂದು ವರ್ಷ ದೊಡ್ಡವನನ್ನು 'ಇಕ್ಕೊ ಉಎ', ಅಂದರೆ ಒಂದು 'ಕೊ' ಮೇಲೆ, ಎನ್ನುತ್ತಾರೆ. ಹಿರಿಯರಿಗೆ ಇದು ಕೇಳಿದರೆ ಮೈ ಉರಿಯುತ್ತದೆ.

ಸಂಖ್ಯೆ ನಿಲ್ಲುವ ಜಾಗವೂ ಮುಖ್ಯ. ಮಾತಿನಲ್ಲಿ ಅದು ನಾಮಪದದ ಹಿಂದೆ ಬರುವುದೇ ಸಹಜ: 'ಬೀರು ನಿಹೊನ್ ಕುದಸಾಯ್', ಬಿಯರ್ ಎರಡು ಬಾಟಲಿ ಕೊಡಿ. ಅದನ್ನು ಮುಂದಕ್ಕೆ ತಂದು 'ನಿಹೊನ್ ನೊ ಬೀರು' ಎಂದರೆ ಜಪಾನಿನ ಬಿಯರ್ ಎಂದು ಕೇಳಿಸಬಹುದು, ದೇಶದ ಹೆಸರೂ ನಿಹೊನ್. ಸ್ವರದ ಏರಿಳಿತ ಬೇರೆ ಎಂಬುದು ನಿಜ, ಆದರೆ ಗದ್ದಲದ ಹೋಟೆಲಿನಲ್ಲಿ ಅದನ್ನು ಗಮನಿಸುವವರು ಯಾರು?

ಹೈಸ್ಕೂಲಿನ ಸಂಧಿ ಪಾಠ ನೆನಪಿರುವವರಿಗೆ ಇನ್ನೊಂದು ಖುಷಿಯ ವಿಷಯವಿದೆ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕ, ತ, ಪ ಹೋಗಿ ಗ, ದ, ಬ ಬರುವ ಆದೇಶಸಂಧಿ. ಜಪಾನಿಯಲ್ಲಿ 'ಒರಿ' ಮಡಿಕೆ, 'ಕಮಿ' ಕಾಗದ, ಸೇರಿದರೆ ಒರಿಗಮಿ. 'ಇಕೆ' ಜೊತೆ 'ಹನ', ಹೂವು, ಸೇರಿದರೆ ಇಕೆಬನ. ಹ ಅಲ್ಲಿ ಹಿಂದೆ ಪ ಆಗಿತ್ತು, ಆದ್ದರಿಂದ ಬ. 'ರೆಂದಕು' ಎಂಬ ಈ ಸಂಧಿಗೆ ಒಂದು ತಡೆಯಿದೆ. ಎರಡನೆಯ ಪದದೊಳಗೆ ಮೊದಲೇ ಗ, ಜ, ದ, ಬ ಇದ್ದರೆ ಬದಲಾವಣೆ ಆಗುವುದಿಲ್ಲ. ದೇವರು ಎಂಬ ಅರ್ಥದ ಇನ್ನೊಂದು 'ಕಮಿ'ಯೂ ಗಾಳಿ ಎಂಬ ಅರ್ಥದ 'ಕಜೆ'ಯೂ ಸೇರಿದರೆ ಕಮಿಕಜೆ, 'ಕಮಿಗಜೆ' ಅಲ್ಲ. ಇದಕ್ಕೆ ಲೈಮನ್ ನಿಯಮ ಎಂಬ ಹೆಸರು ಬಂದದ್ದು ಬೆಂಜಮಿನ್ ಸ್ಮಿತ್ ಲೈಮನ್ ಎಂಬ ಅಮೆರಿಕದ ಗಣಿ ಎಂಜಿನಿಯರ್‌ನಿಂದ. ಗಣಿ ಹುಡುಕಲು ಜಪಾನಿಗೆ ಹೋಗಿದ್ದ ಆತ 1894ರಲ್ಲಿ ಇದನ್ನು ಬರೆದು ಪ್ರಕಟಿಸಿದ, ಜಪಾನಿನ ಪಂಡಿತರು ಅದಕ್ಕೂ ಮೊದಲೇ ಗಮನಿಸಿದ್ದರೂ.

ಇಷ್ಟೆಲ್ಲ ಹೋಲಿಕೆ ಕಂಡ ಮೇಲೆ ಎರಡೂ ಒಂದೇ ಕುಲದವೇ ಎಂಬ ಪ್ರಶ್ನೆ ಏಳುತ್ತದೆ. ಹಾಗೆಂದು ಗಟ್ಟಿಯಾಗಿ ವಾದಿಸಿದವರೂ ಇದ್ದರು. ಜಪಾನಿನ ಹೆಸರಾಂತ ನಿಘಂಟುಕಾರ ಸುಸುಮು ಓನೊ (1919–2008) ಜಪಾನಿಗೂ ತಮಿಳಿಗೂ ನಂಟು ಸಾಧಿಸಲು ದಶಕಗಳ ಕಾಲ ದುಡಿದರು, ನೂರಾರು ಪದಗಳನ್ನು ಜೋಡಿಸಿ ತೋರಿಸಿದರು. ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ, ಅವರ ತಕರಾರು ನ್ಯಾಯವಾದದ್ದೇ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳು ಒಂದಕ್ಕೊಂದು ಸಂಬಂಧವಿಲ್ಲದೆಯೂ ಇಂಥದೇ ಪದಕ್ರಮ ಕಟ್ಟಿಕೊಳ್ಳುತ್ತವೆ, ಟರ್ಕಿಯ ಭಾಷೆಯೇ ಸಾಕ್ಷಿ. ಪದಕ್ರಮ ಹೊಂದಿದ್ದರಿಂದ ರಕ್ತಸಂಬಂಧ ಸಾಬೀತಾಗುವುದಿಲ್ಲ.

ರಕ್ತಸಂಬಂಧ ಇಲ್ಲದಿದ್ದರೂ ಕಲಿಯುವವರಿಗೆ ಲಾಭ ಇದ್ದೇ ಇದೆ. ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ, ಅದಕ್ಕೆ ಕೂರುವ ಕನ್ನಡಿಗರು ಕಡಿಮೆಯಿಲ್ಲ. ತರಗತಿಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಪಠ್ಯದ ಹೆಸರೇ 'ಮಿನ್ನ ನೊ ನಿಹೊಂಗೊ', ಎಲ್ಲರ ಜಪಾನಿ. ಅದನ್ನು ಓದುವವರು ಟಿಪ್ಪಣಿ ಬರೆಯುವಾಗ 'ನೊ' ಪಕ್ಕದಲ್ಲಿ 'ದು' ಎಂದೂ 'ತ್ತೆ ಯೂ' ಪಕ್ಕದಲ್ಲಿ 'ಅನ್ನೋ' ಎಂದೂ ಬರೆದುಕೊಳ್ಳಲಿ. ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಮತ್ತೆ ತಲೆಕೆಳಗು ಮಾಡುವ ಎರಡು ಪಟ್ಟು ಕೆಲಸ ಉಳಿಯುತ್ತದೆ. ಉಳಿದ ಹೊತ್ತನ್ನು 'ಸೊನೊ', 'ಅನೊ' ವ್ಯತ್ಯಾಸಕ್ಕೂ ಇಪ್ಪೊನ್, ನಿಹೊನ್, ಸಂಬೊನ್‌ಗೂ ಕೊಡಲಿ, ಪರೀಕ್ಷೆಯಲ್ಲಿ ಅಂಕ ಹೋಗುವುದು ಅಲ್ಲೇ. ಕನ್ನಡದ ಮೂಲಕವೇ ಜಪಾನಿ ಕಲಿಸುವ ಒಳ್ಳೆಯ ವ್ಯಾಕರಣವೊಂದನ್ನು ಎರಡೂ ಭಾಷೆ ಬಲ್ಲವರು ಬರೆಯಬೇಕು, ನಮ್ಮ ವಿಶ್ವವಿದ್ಯಾಲಯಗಳು ಬರೆಸಬೇಕು.